ಬಾಣದ ಬಾಲಕ್ಕೊಂದು ದೀಪ

ಬಾಣವೆಂದೊಡನೆ ಎಲ್ಲರ ಕಣ್ಣೂ ಅದರ ಮೊನೆಯ ಕಡೆಗೆ ಹೋಗುತ್ತದೆ. ನಮ್ಮ ಕವಿಗಳೂ ಹಾಗೆಯೇ ಮಾಡಿದರು. ಅಲಗಿಗೆ ಅರ್ಧಚಂದ್ರನ ಆಕಾರ ಕೊಟ್ಟರು, ಹಾವಿನ ಹೆಡೆ ಕೊಟ್ಟರು. ಅದರಿಂದ ಬೆಂಕಿ ಕಾರಿಸಿದರು, ಮಳೆ ಸುರಿಸಿದರು. ಆದರೆ ಬಾಲ ಸರಿಯಿಲ್ಲದ ಬಾಣ ಹೆದೆಯ ಮೇಲೆ ನಿಲ್ಲುವುದೇ ಇಲ್ಲ; ನಿಂತರೂ ನೆಟ್ಟಗೆ ಹಾರುವುದಿಲ್ಲ. ಹೆದೆ ಕೂರುವ ಸೀಳು ಇರುವುದು ಹಿಂಬದಿಯಲ್ಲಿ. ದಾರಿ ತಪ್ಪದಂತೆ ಹಿಡಿಯುವ ಗರಿ ಇರುವುದೂ ಹಿಂಬದಿಯಲ್ಲಿ. ಮುಂದಿನದಕ್ಕೆ ಕೀರ್ತಿ, ಹಿಂದಿನದಕ್ಕೆ ಕೆಲಸ. ಇದು ಬಾಣದ ಸಂಗತಿ ಮಾತ್ರವಲ್ಲವೆಂದು ಹೇಳಿದರೆ ಓದುಗರು ಒಪ್ಪಿಯಾರು.

ಹಳಗನ್ನಡ ನಡುಗನ್ನಡಗಳಲ್ಲಿ ಈ ಹಿಂಬದಿಗೆ ಒಂದು ಸೊಗಸಾದ ಹೆಸರಿದೆ: ಹಿಳುಕು. ಗರಿ ಕಟ್ಟಿದ ಆ ಭಾಗಕ್ಕೆ ಬಂದ ಹೆಸರು ಮುಂದೆ ಇಡೀ ಬಾಣಕ್ಕೂ ಸಂದಿತು. ಹಾಗೆಯೇ ಬಿಲ್ಲಿನ ತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚಿಗೆ ಕೊಪ್ಪು ಎಂಬ ಮಾತಿದೆ. ಬಾಣವನ್ನು ಹೆದೆಗೆ ಸೇರಿಸುವುದಕ್ಕೆ ಹೂಡುವುದು ಎನ್ನುತ್ತೇವೆ. ಅದೇ ಮಾತಿನಿಂದ ಬಂಡಿಯನ್ನೂ ಹೂಡುತ್ತೇವೆ, ಒಲೆಯನ್ನೂ ಹೂಡುತ್ತೇವೆ, ಮನಸ್ತಾಪ ಹೆಚ್ಚಾದರೆ ದಾವೆಯನ್ನೂ ಹೂಡುತ್ತೇವೆ. ಒಂದು ಕೆಲಸಕ್ಕೆ ಇನ್ನೊಂದು ಕೆಲಸದ ಮಾತನ್ನು ಕಡ ತರುವುದರಲ್ಲಿ ನಮ್ಮ ಜನ ಎಂದೂ ಸಂಕೋಚಪಟ್ಟವರಲ್ಲ.

ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ತರಗತಿಯಲ್ಲಿ ಒಮ್ಮೆ ಈ ಹಿಳುಕಿನ ಅರ್ಥವನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸರ, ಅದು ಮುರದ್ರ ಬ್ಯಾರೆ ಹಾಕಬಹುದ್ರಿ. ನನ್ನ ಹತ್ರ ಅದಾವ" ಎಂದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ನನ್ನ ಹತ್ತಿರ ಪದವಿತ್ತು. ಆ ಹುಡುಗಿಯ ಹತ್ತಿರ ಪದಾರ್ಥವಿತ್ತು. ಮರುದಿನ ಅವಳು ಚೀಲದಿಂದ ತೆಗೆದು ತೋರಿಸಿದ್ದು ಗೋಧಿಕಾಳಿಗಿಂತ ತುಸು ದೊಡ್ಡದಾದ, ಗಾಜಿನಂತೆ ತಿಳಿಯಾದ ಒಂದು ಪ್ಲಾಸ್ಟಿಕ್ಕಿನ ಚೂರು; ತುದಿಯಲ್ಲಿ ಸೀಳು. ಇಷ್ಟು ವರ್ಷ ಶಬ್ದಕೋಶದಲ್ಲಿ ಮಲಗಿದ್ದ ಹಿಳುಕು ನನ್ನ ಅಂಗೈಯ ಮೇಲೆ ಬಂದು ಕುಳಿತಿತ್ತು.

ನಾನಿರುವುದು ಸಮೀರವಾಡಿಯಲ್ಲಿ. ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರು. ಯಾವ ದಿಕ್ಕಿಗೆ ಮುಖ ಮಾಡಿದರೂ ಕಬ್ಬು. ಕಬ್ಬಿಗೂ ಬಿಲ್ಲಿಗೂ ಇರುವ ನಂಟು ಕಾವ್ಯ ಓದಿದವರಿಗೆ ಗೊತ್ತು: ಮನ್ಮಥನ ಬಿಲ್ಲು ಕಬ್ಬಿನದು, ಹೆದೆ ದುಂಬಿಗಳದು, ಬಾಣಗಳು ಹೂವಿನವು. ಹಾಗೆ ನೋಡಿದರೆ ನಮ್ಮೂರಿನ ಸುತ್ತ ನಿಂತಿರುವುದೆಲ್ಲ ಮನ್ಮಥನ ಆಯುಧಾಗಾರವೇ. ದೀಪಾವಳಿ ಮುಗಿಯುತ್ತಲೇ ಆ ಬಿಲ್ಲುಗಳನ್ನೆಲ್ಲ ಕಡಿದು, ಹೊರೆ ಕಟ್ಟಿ, ಗಾಣಕ್ಕೆ ಕೊಟ್ಟು, ನುರಿಸಿ ಸಕ್ಕರೆ ಮಾಡುತ್ತಾರೆ. ಶಿವನ ಹಣೆಗಣ್ಣಿನ ಬೆಂಕಿಗಿಂತ ಇದು ಹೆಚ್ಚು ಲಾಭದಾಯಕವಾದ ದಹನ.

ಆದರೆ ಈ ಸೀಮೆಯ ನಿಜವಾದ ಬಿಲ್ಲುಬಾಣದ ಕಥೆ ಅಷ್ಟು ಸಿಹಿಯಾದುದಲ್ಲ. ಇದು ಬೇಟೆಯ ನಾಡು. ಮುಧೋಳದ ನಾಯಿ ಎಂದು ದೇಶವೆಲ್ಲ ಕರೆಯುವ ಆ ನೀಳ ಕಾಲಿನ, ಸಣ್ಣ ಹೊಟ್ಟೆಯ, ಗಾಳಿಯಂತೆ ಓಡುವ ನಾಯಿ ಬೇಟೆಗಾಗಿಯೇ ಬೆಳೆದದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ದೊರೆಗಳು ಅದನ್ನು ಸಾಕಿ ಹೆಸರು ತಂದರು; 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಚೀಟಿಯನ್ನೂ ಹೊರಡಿಸಿತು. ಇದೇ ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ಬೇಡರು ಆಂಗ್ಲರಿಗೆ ತಿರುಗಿ ನಿಂತರು. ಹತಾರುಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ, ಬೇಟೆಯೇ ಬಾಳಾಗಿದ್ದ ಜನ ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಎಂಬ ಮುಂದಾಳುಗಳ ಹೆಸರು ಇಂದಿಗೂ ಲಾವಣಿಯಲ್ಲಿ ಉಳಿದಿದೆ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಆ ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ಇತಿಹಾಸದ ಒಂದು ವಿನೋದ. ಗದಾಯುದ್ಧದ ರನ್ನನೂ ಇಲ್ಲಿಯವನೇ. ಮುದುವೊಳಲು ಅವನ ಹುಟ್ಟೂರು. ಅವನು ಕಾವ್ಯಕ್ಕೆ ಗದೆಯನ್ನು ಆರಿಸಿಕೊಂಡದ್ದರಲ್ಲಿ ಒಂದು ಅನುಕೂಲವುಂಟು. ಗದೆ ಕೈಬಿಟ್ಟು ಹೋಗುವುದಿಲ್ಲ. ಹೋದರೂ ಕಬ್ಬಿನಲ್ಲಿ ಕಳೆಯುವುದಿಲ್ಲ.

ಬಾಣ ಕಳೆಯುತ್ತದೆ. ನಮ್ಮ ಹುಡುಗಿಯ ಕಷ್ಟ ಇದೇ ಆಗಿತ್ತು.

ಅವಳ ತಂದೆ ಕಾರ್ಖಾನೆಯಲ್ಲಿ ಫಿಟ್ಟರು. ನಮ್ಮ ಓಣಿಯಲ್ಲಿಯೇ ಮನೆ. ಪುಣೆಯಲ್ಲಿರುವ ಸೋದರಮಾವ ಯಾರೋ ಬಳಸಿದ ಬಿಲ್ಲನ್ನು ಕಡಿಮೆ ಬೆಲೆಗೆ ಕೊಡಿಸಿದ್ದ. ಜೊತೆಗೆ ಒಂದು ಡಜನ್ ಬಾಣ. ಬಿದಿರಿನವಲ್ಲ, ಕಾರ್ಬನ್ ಎಂಬ ಕಪ್ಪು ವಸ್ತುವಿನ ಸಣ್ಣ ಕೊಳವೆಗಳು, ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಒಂದು ಬಾಣ ಕಳೆದರೆ ಮನೆಯ ಒಂದು ವಾರದ ಹಾಲಿನ ದುಡ್ಡು ಹೋದಂತೆ. ಬೆಳಗ್ಗೆ ಅವಳಿಗೆ ಕಾಲೇಜು, ಮಧ್ಯಾಹ್ನ ಮನೆಗೆಲಸ. ಬಿಲ್ಲು ಹಿಡಿಯಲು ಸಿಗುತ್ತಿದ್ದುದು ಹೊತ್ತು ಮುಳುಗುವ ಸಮಯ. ಮನೆಗಳ ಹಿಂದಿನ ಬಯಲಲ್ಲಿ ರವದಿಯನ್ನು ಒತ್ತಿ ತುಂಬಿದ ಗೋಣಿಚೀಲಗಳೇ ಗುರಿ. ಅವುಗಳ ಆಚೆ ಆಳೆರಡಾಳು ಎತ್ತರದ ಕಬ್ಬಿನ ಪಡ.

ಜಾರ್ಖಂಡದ ದೀಪಿಕಾ ಕುಮಾರಿ ಚಿಕ್ಕಂದಿನಲ್ಲಿ ಕಲ್ಲೆಸೆದು ಮಾವಿನಕಾಯಿ ಉದುರಿಸುತ್ತಿದ್ದಳೆಂದು ಹೇಳುತ್ತಾರೆ. ರಾಜಸ್ಥಾನದ ಗುಡ್ಡಗಾಡಿನಲ್ಲಿ ಬಿದಿರಿನ ಬಿಲ್ಲಿನಿಂದ ಕಲಿತ ಲಿಂಬಾ ರಾಮ್ 1992ರಲ್ಲಿ ಬೀಜಿಂಗಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಎರಡು ತೋಳುಗಳೂ ಇಲ್ಲದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಕಿನಲ್ಲಿ ಜೊತೆಗಾರನೊಂದಿಗೆ ಕಂಚು ಗೆದ್ದಳು. ಇಂಥ ಕಥೆಗಳು ಸಮೀರವಾಡಿಯ ಒಬ್ಬ ಹುಡುಗಿಗೆ ಎಷ್ಟು ಧೈರ್ಯ ಕೊಡುತ್ತವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಧೈರ್ಯವಿದ್ದ ಮಾತ್ರಕ್ಕೆ ಬಾಣ ಗುರಿಯಲ್ಲೇ ನಿಲ್ಲಬೇಕೆಂದಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಬಾಣಗಳು ಗೋಣಿಚೀಲ ದಾಟಿ ಕಬ್ಬಿನೊಳಗೆ ಹೋದವು. ಕಪ್ಪು ಕೊಳವೆ, ಕತ್ತಲು, ಮೊಣಕಾಲುಮಟ್ಟ ರವದಿ. ತಂದೆಮಗಳು ಬ್ಯಾಟರಿ ಹಿಡಿದು ಹುಡುಕಿದರು; ಸಿಗಲಿಲ್ಲ.

ಇಷ್ಟಾದರೆ ದುಡ್ಡಿನ ನಷ್ಟವೆಂದು ಬಿಡಬಹುದಾಗಿತ್ತು. ಆದರೆ ಆ ಪಡದ ಕಟಾವಿನ ಪಾಳಿ ಬಂತು. ಕಬ್ಬು ಕಡಿಯುವ ಗ್ಯಾಂಗಿನವರು ಹಟ್ಟಿ ಹಾಕಿದರು. ಅವರ ಬದುಕನ್ನು ಈ ಕಡೆಯವರೆಲ್ಲ ಬಲ್ಲರು. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟುತ್ತಾಳೆ, ಹೆಗಲ ಮೇಲಿಂದ ಮಗು ಇಳಿದರೆ ಅದೇ ರವದಿಯ ಮೇಲೆ ಮಲಗುತ್ತದೆ. ಫಿಟ್ಟರು ಹೋಗಿ ಮುಕಾದಮನಿಗೆ ಎಚ್ಚರಿಕೆ ಹೇಳಿ ಬಂದ. ಮೊದಲ ಎರಡು ದಿನದಲ್ಲಿ ಮೂರು ಬಾಣ ಸಿಕ್ಕವು. ನಾಲ್ಕನೆಯದು ಮೂರನೆಯ ದಿನ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿತು. ಓರೆಯಾಗಿ ನೆಲಕ್ಕೆ ನಾಟಿ, ಮುರಿದು, ಸೀಳು ಮೇಲೆದ್ದು ನಿಂತಿದ್ದ ಕಾರ್ಬನ್ ಕೊಳವೆ ಅವಳ ರಬ್ಬರಿನ ಚಪ್ಪಲಿಯನ್ನು ತೂರಿ ಹಿಮ್ಮಡಿಗೆ ಚುಚ್ಚಿತು.

ಗಾಯ ದೊಡ್ಡದಲ್ಲ. ತಂದೆಮಗಳಿಬ್ಬರೂ ಅವಳನ್ನು ಸೈಕಲ್ ಮೋಟಾರಿನ ಮೇಲೆ ಕೂರಿಸಿಕೊಂಡು ಹೋಗಿ ಸೂಜಿ ಹಾಕಿಸಿ, ಪಟ್ಟಿ ಕಟ್ಟಿಸಿ, ನಾಲ್ಕು ದಿನದ ಕೂಲಿಯನ್ನು ಕೈಯಲ್ಲಿಟ್ಟು ಬಂದರು. ಆ ತಾಯಿ ಬೈಯಲಿಲ್ಲ. "ಕೂಸು ಅಲ್ಲೇ ಮಕ್ಕೊಂಡಿತ್ತವ್ವಾ" ಎಂದಷ್ಟೇ ಹೇಳಿದಳಂತೆ. ಬೈದಿದ್ದರೆ ಹುಡುಗಿ ತಡೆದುಕೊಳ್ಳುತ್ತಿದ್ದಳೋ ಏನೋ. ಈ ಒಂದು ಮಾತು ಅವಳನ್ನು ನಾಟಿತು. ಬಿಲ್ಲನ್ನು ಹೆದೆ ಇಳಿಸಿ ಅಟ್ಟದ ಮೇಲಿಟ್ಟಳು. ತರಗತಿಯಲ್ಲಿ ನಾನು ಕಾರಣ ಕೇಳಿದರೆ, "ಹೊಡದದ್ದು ಎಲ್ಲಿ ಹೋತು ಅಂತ ಗೊತ್ತಾಗಲಾರದ್ದನ್ನ ಹೊಡಿಬಾರದ್ರಿ ಸರ" ಎಂದಳು. ಅಲಂಕಾರಶಾಸ್ತ್ರದಲ್ಲಿಯೂ ಇಂಥದೊಂದು ಸೂತ್ರವಿದ್ದರೆ ಎಷ್ಟು ಕಾವ್ಯಗಳು ಉಳಿಯುತ್ತಿದ್ದವೆಂದು ನಾನು ಯೋಚಿಸಿದೆ.

ಫಿಟ್ಟರಿನ ಮನಸ್ಸು ಬೇರೆ ರೀತಿಯದು. ಗಾಣದ ಮನೆಯಲ್ಲಿ ಕಬ್ಬಿನ ಜೊತೆ ಬರುವ ಕುಡುಗೋಲು, ಸರಪಳಿಯ ತುಂಡುಗಳನ್ನು ಸೆಳೆದುಕೊಳ್ಳಲು ಅಯಸ್ಕಾಂತ ತೂಗಹಾಕಿರುತ್ತಾರೆ. ಜನ ಎಚ್ಚರ ತಪ್ಪುತ್ತಾರೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಯಂತ್ರ ಕಟ್ಟಬೇಕೆಂಬುದು ಅವನ ವಿದ್ಯೆ. ಇರುಳು ಹೋಗುವ ಕಬ್ಬಿನ ಬಂಡಿಯ ಅಡಿಯಲ್ಲಿ ಕಂದೀಲು ತೂಗಾಡುತ್ತಿದ್ದುದನ್ನು ಕಂಡು ಬೆಳೆದವನು ಅವನು. "ಬಂಡಿಗೆ ದೀಪ ಕಟ್ಟತಾರ, ಟ್ರಾಲಿ ಹಿಂದ ಕೆಂಪು ಪಟ್ಟಿ ಹಚ್ಚತಾರ. ಬಾಣಕ್ಕ ಯಾಕ ಬ್ಯಾಡ್ರಿ ಸರ?" ಎಂದು ನನ್ನನ್ನೇ ಕೇಳಿದ. ನಾನೇನು ಹೇಳಲಿ? ನನ್ನ ಶಬ್ದಕೋಶದಲ್ಲಿ ಹಿಳುಕಿತ್ತು, ಹಿಳುಕಿಗೆ ದೀಪವಿರಲಿಲ್ಲ.

ಆಮೇಲೆ ತಿಳಿಯಿತು: ಇಂಥ ದೀಪ ಅಮೆರಿಕದ ಬಿಲ್ಲುಬೇಟೆಗಾರರಲ್ಲಿ ಹಳೆಯ ಸಂಗತಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಬೆಲೆ ಮಾತ್ರ ನಮ್ಮ ಬಾಣಕ್ಕಿಂತ ಹೆಚ್ಚು. ಹೀಗಾಗಿ ಅಲ್ಲಿಯೂ ಕೈಯಲ್ಲಿ ಕೆಲಸ ಬಲ್ಲವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಫಿಟ್ಟರು ಮಾಡಿದ್ದೂ ಅದನ್ನೇ. ನಾನು ಸಂಜೆ ಹೋಗಿ ಕುಳಿತು ನೋಡಿದ್ದನ್ನು ಇಲ್ಲಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಬಾಣದ ಕೊಳವೆಯ ಒಳಗಿನ ಅಗಲ 6 ಮಿಲಿಮೀಟರಿಗಿಂತ ತುಸು ಹೆಚ್ಚು. ಮಕ್ಕಳ ಆಟಿಕೆಯ ಗುಂಡಿಯಂಥ ಸೆಲ್ಲು ಚಿಕ್ಕದೆಂದರೂ ಸುಮಾರು 8 ಮಿಲಿಮೀಟರು, ಒಳಗೆ ಹೋಗದು. ಕೊನೆಗೆ ನೆರವಿಗೆ ಬಂದವರು ಮೀನುಗಾರರು. ರಾತ್ರಿ ಗಾಳ ಹಾಕುವವರು ಬೆಂಡಿಗೆ ದೀಪ ಹಚ್ಚಲು ಸೂಜಿಯಂಥ ಒಂದು ಲಿಥಿಯಂ ಸೆಲ್ಲನ್ನು ಬಳಸುತ್ತಾರೆ. ದಪ್ಪ 4 ಮಿಲಿಮೀಟರು ಚಿಲ್ಲರೆ, ಉದ್ದ 26ರ ಹತ್ತಿರ, 3 ವೋಲ್ಟು, ತೂಕ ಅರ್ಧ ಗ್ರಾಮಿನಷ್ಟು. ಅದರ ಒಂದು ಧ್ರುವ ನಡುವಿನ ಸೂಜಿ, ಇನ್ನೊಂದು ಹೊರಮೈ. ಇದಕ್ಕೆ 3 ಮಿಲಿಮೀಟರಿನ ಎಲ್‌ಇಡಿ ದೀಪ. ಕೆಂಪು ದೀಪಕ್ಕೆ 2 ವೋಲ್ಟಿನ ಆಸುಪಾಸು ಸಾಕು, ಬಿಳಿಗೆ ಹೆಚ್ಚು ಬೇಕು. ಆದಕಾರಣ ಕೆಂಪೇ ಲೇಸು. ದೀಪದ ತಲೆ ತಿಳಿ ಹಿಳುಕಿನ ಪೊಳ್ಳಿನೊಳಗೆ ಕೂರುತ್ತದೆ, ಸೆಲ್ಲು ಅದರ ಹಿಂದೆ ಕೊಳವೆಯಲ್ಲಿ ಅಡಗುತ್ತದೆ.

ಲಿಥಿಯಂ ಸೆಲ್ಲಿಗೆ ಕಾದ ಬೆಸುಗೆ ತಾಗಿಸಬಾರದು, ಅಪಾಯ. ಆದ್ದರಿಂದ ದೀಪದ ಕಾಲುಗಳನ್ನು ಸೆಲ್ಲಿಗೆ ಒತ್ತಿ ಹಿಡಿಸಬೇಕಾಯಿತು. ಮೊದಲು ತೆಳ್ಳನೆಯ ಪಟ್ಟಿ ಸುತ್ತಿದರು. ಕೈಯಲ್ಲಿ ಹಿಡಿದಾಗ ಚೆನ್ನಾಗಿ ಉರಿಯಿತು. ಹೊಡೆದಾಗಲೂ ಕೆಂಪು ಗೆರೆ ಎಳೆದುಕೊಂಡು ಹೋಯಿತು. ಗುರಿಗೆ ನಾಟಿದ ಕ್ಷಣವೇ ಆರಿಹೋಯಿತು! ಬಸ್ಸು ಫಕ್ಕನೆ ನಿಂತರೆ ಒಳಗಿರುವ ನಾವು ಮುಂದಕ್ಕೆ ವಾಲುತ್ತೇವಷ್ಟೆ. ಹಾಗೆ ಬಾಣ ನಿಂತರೂ ಒಳಗಿನ ಸೆಲ್ಲು ಮುಂದಕ್ಕೆ ಜಿಗಿದು ದೀಪದ ಕಾಲನ್ನು ಬಿಟ್ಟುಬಿಡುತ್ತಿತ್ತು. ಬೇಕಾದ ಹೊತ್ತಿಗೇ ಕೈಕೊಡುವ ನೆಂಟನಂಥ ದೀಪ.

ಇದಕ್ಕೆ ಫಿಟ್ಟರು ಕಂಡುಕೊಂಡ ಉಪಾಯ ಸೈಕಲ್ಲಿನದು. ಟ್ಯೂಬಿನ ಬಾಯಿಗೆ ಹಾಕುವ ವಾಲ್‌ಟ್ಯೂಬಿನ ರಬ್ಬರು ನಳಿಗೆಯ ಒಂದು ತುಂಡನ್ನು ಹಿಗ್ಗಿಸಿ ಸೆಲ್ಲಿನ ಮೇಲೂ ದೀಪದ ಕಾಲಿನ ಮೇಲೂ ಕಾಲುಚೀಲದಂತೆ ಎಳೆದ. ರಬ್ಬರಿನ ಬಿಗಿಗೆ ಎರಡೂ ಅಪ್ಪಿಕೊಂಡವು. ಸೆಲ್ಲಿನ ಮುಂದೆ ಕೊಳವೆಯೊಳಗೆ ಅರಳೆಯ ಒಂದು ಬಿಗಿಯುಂಡೆ ತುರುಕಿದ. ಜಿಗಿಯಲು ಎಡೆಯೇ ಉಳಿಯಲಿಲ್ಲ. ಇನ್ನು ಹಚ್ಚುವ ಆರಿಸುವ ಬಗೆ. ಅಂಗಡಿಯ ದೀಪಗಳಲ್ಲಿ ಹೆದೆಯ ಏಟಿಗೆ ತಾನೇ ಹತ್ತುವ ಗುಂಡಿ ಇರುತ್ತದಂತೆ. ಅವನೂ ಯತ್ನಿಸಿದ, ಬತ್ತಳಿಕೆಯಲ್ಲಿದ್ದಾಗಲೇ ಹತ್ತಿಕೊಳ್ಳುತ್ತಿತ್ತು. ಬಿಟ್ಟು, ಹೊಸ ಗಡಿಯಾರದ ಸೆಲ್ಲಿನ ನಡುವೆ ಇಟ್ಟಿರುತ್ತಾರಲ್ಲ, ಅಂಥ ತೆಳು ಪ್ಲಾಸ್ಟಿಕ್ಕಿನ ನಾಲಗೆಯೊಂದನ್ನು ಕಾಲಿಗೂ ಸೂಜಿಗೂ ನಡುವೆ ಇಟ್ಟ. ಎಳೆದರೆ ದೀಪ ಹತ್ತುತ್ತದೆ. ಸಿಕ್ಕ ಮೇಲೆ ಹಿಳುಕನ್ನು ಕಿತ್ತು ನಾಲಗೆ ತೂರಿಸಿದರೆ ಆರುತ್ತದೆ. ನಾಲಗೆ ಹೊರಬಂದರೆ ಬೆಳಕು, ಒಳಗಿದ್ದರೆ ಕತ್ತಲು. ಮನುಷ್ಯರಲ್ಲಿ ಇದು ಸಾಮಾನ್ಯವಾಗಿ ಉಲ್ಟಾ.

ಬಾಲಕ್ಕೆ ಒಂದು ಗ್ರಾಮಿನಷ್ಟು ತೂಕ ಹೆಚ್ಚಾದರೂ ಬಾಣದ ನಡತೆ ಬದಲಾಗುತ್ತದೆ. ಇಡೀ ಬಾಣವೇ ಇಪ್ಪತ್ತು ಚಿಲ್ಲರೆ ಗ್ರಾಮು. ಬಾಲ ಭಾರವಾದರೆ ತೂಕದ ನಡು ಹಿಂದಕ್ಕೆ ಸರಿದು ಬಾಣ ಅಲ್ಲಾಡುತ್ತದೆ. ಹುಡುಗಿ ತಾನೇ ಅದನ್ನು ಗಮನಿಸಿ, ದೀಪವಿರುವ ಆರು ಬಾಣಗಳಿಗೆ ತುಸು ಭಾರದ ಮೊನೆ ಹಾಕಿ, ಅವುಗಳನ್ನು ಸಂಜೆಯ ಅಭ್ಯಾಸಕ್ಕೆಂದೇ ಬೇರೆ ಇಟ್ಟಳು. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ವಿದ್ಯುದ್ದೀಪದ ಹಿಳುಕಿಗೆ ಎಡೆಯಿಲ್ಲ. ಅಲ್ಲಿ 70 ಮೀಟರ್ ದೂರದಲ್ಲಿ 122 ಸೆಂಟಿಮೀಟರಿನ ಗುರಿ, ಬೆಳಕು ಹಗಲಿನದು.

ಅಮೆರಿಕದ ಬೇಟೆಗಾರರಲ್ಲಿ ಈ ದೀಪದ ಮೇಲೆ ದೊಡ್ಡ ಚರ್ಚೆಯೇ ನಡೆದಿತ್ತು. ಅಲ್ಲಿ ಪೋಪ್ ಅಂಡ್ ಯಂಗ್ ಕ್ಲಬ್ ಎಂಬುದು ಬಿಲ್ಲುಬೇಟೆಯ ದಾಖಲೆ ಇಡುವ ಸಂಸ್ಥೆ. ಅದರ ಹೆಸರಿನ ಹಿಂದೆ ಒಂದು ಮನಕರಗುವ ಕಥೆಯಿದೆ. 1911ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಯಾಹಿ ಎಂಬ ಬುಡಕಟ್ಟಿನ ಕೊನೆಯ ಮನುಷ್ಯ ಕಾಡಿನಿಂದ ಹೊರಬಂದ. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಅವನ ಭಾಷೆಯಲ್ಲಿ ಮನುಷ್ಯ ಎಂಬರ್ಥದ ಇಶಿ ಎಂಬ ಮಾತಿನಿಂದಲೇ ಅವನನ್ನು ಕರೆದರು. ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯ ಅವನಿಗೆ ಚಿಕಿತ್ಸೆ ಮಾಡುತ್ತ ಅವನಿಂದ ಬಿಲ್ಲುವಿದ್ಯೆ ಕಲಿತ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ, ವಿದ್ಯೆ ಉಳಿಯಿತು. ಬಿಲ್ಲುಬೇಟೆಯಲ್ಲಿ ವಿದ್ಯುತ್ತಿನ ಉಪಕರಣ ಕೂಡದೆಂದು ಆ ಕ್ಲಬ್ಬು ಬಹುಕಾಲ ಹಟ ಹಿಡಿದಿತ್ತು. 2014ರಲ್ಲಿ ಬಾಲದ ದೀಪಕ್ಕೆ ವಿನಾಯಿತಿ ಕೊಟ್ಟಿತು. ಈ ದೀಪ ಗುರಿ ಹಿಡಿಯಲು ನೆರವಾಗುವುದಿಲ್ಲ. ಬಾಣ ಎಲ್ಲಿ ತಾಗಿತೆಂಬುದನ್ನು ಮಾತ್ರ ತೋರುತ್ತದೆ. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ನರಳಿ ಸಾಯದಂತೆ ಹುಡುಕಲು ಅದರಿಂದ ಸಹಾಯವೆಂಬುದು ಅದರ ಪರವಾಗಿ ಹೇಳುವ ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ; ಇಲ್ಲದಿರುವುದೇ ಒಳ್ಳೆಯದು. ಆದರೂ ಆ ಮಾತಿನ ಹಿಂದಿನ ನ್ಯಾಯ ಬೇಟೆಗೆ ಮಾತ್ರ ಸೇರಿದ್ದಲ್ಲ.

ಪುರಾಣದ ಬಾಣಗಳಿಗೆ ಹುಡುಕುವ ತೊಂದರೆಯಿರಲಿಲ್ಲ. ಅಕ್ಷಯ ಬತ್ತಳಿಕೆಯ ಅರ್ಜುನನಿಗೆ ಎಣಿಸುವ ಕೆಲಸವಿಲ್ಲ. ಒಮ್ಮೆ ಬಿಟ್ಟ ಬಾಣವನ್ನು ಮತ್ತೆ ಕೈಗೆತ್ತಿಕೊಳ್ಳೆನೆಂದ ಕರ್ಣನಿಗೆ ಅದು ಎಲ್ಲಿ ಬಿತ್ತೆಂಬ ಚಿಂತೆಯಿಲ್ಲ. ಆದರೆ ದಶರಥನೊಬ್ಬನ ಕಥೆ ಬೇರೆ. ಕತ್ತಲಲ್ಲಿ ನೀರಿನ ಸದ್ದು ಕೇಳಿ ಆನೆಯೆಂದು ಬಗೆದು ಹೊಡೆದ. ಶಬ್ದವೇಧಿಯೆಂಬ ಹೆಮ್ಮೆಯ ವಿದ್ಯೆ. ಬಾಣ ಗುರಿ ತಪ್ಪಲಿಲ್ಲ. ಆದರೆ ಗುರಿಯಲ್ಲಿದ್ದದ್ದು ಆನೆಯಲ್ಲ, ಕುರುಡು ತಂದೆತಾಯಿಗಳಿಗೆ ನೀರು ತುಂಬುತ್ತಿದ್ದ ಮಗ. ಬಾಣದ ಬಾಲಕ್ಕೆ ದೀಪ ಕಟ್ಟಿದ್ದರೂ ಆ ಮಗ ಉಳಿಯುತ್ತಿರಲಿಲ್ಲ. ಈ ಮಾತನ್ನು ನಾನು ಫಿಟ್ಟರಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೇ ಐತ್ರಿ ಸರ. ದೀಪ ಹಚ್ಚಿದ್ರ ಬಾಣ ತಪ್ಪೂದು ನಿಲ್ಲಂಗಿಲ್ಲ. ತಪ್ಪಿದ್ದು ಗೊತ್ತಾಗತೈತಿ, ಅಷ್ಟ. ಮೊದಲ ಒಡ್ಡು ಹಾಕಬೇಕ್ರಿ" ಎಂದ. ಮರುದಿನವೇ ಗುರಿಯ ಹಿಂದೆ ಮಣ್ಣು ತುಂಬಿದ ಚೀಲಗಳನ್ನು ಒಂದಾಳೆತ್ತರಕ್ಕೆ ಪೇರಿಸಿದ. ಗುರಿಯ ದಿಕ್ಕನ್ನೂ ಪಡದ ಕಡೆಯಿಂದ ಬಂಜರಿನ ಕಡೆಗೆ ತಿರುಗಿಸಿದ. ಆ ಮೇಲೆಯೇ ಬಿಲ್ಲು ಅಟ್ಟದಿಂದ ಇಳಿಯಿತು.

ಮೇಷ್ಟ್ರ ಕಸುಬು ಹಿಡಿದವನಿಗೆ ಇದನ್ನೆಲ್ಲ ನೋಡುತ್ತ ಕುಳಿತರೆ ತನ್ನ ಮಾತು ನೆನಪಾಗದೆ ಇರದು. ವರ್ಷಕ್ಕೆ ನೂರಾರು ಗಂಟೆ ನಾವು ಮಾತನ್ನು ಹೂಡಿ ಹೂಡಿ ಬಿಡುತ್ತೇವೆ. ಯಾವುದು ಯಾರಿಗೆ ತಾಗಿತು, ಯಾವುದು ಗೋಡೆಗೆ ಬಡಿದು ಬಿತ್ತು, ಯಾವುದು ಯಾರ ಹಿಮ್ಮಡಿಗೆ ಎಷ್ಟೋ ವರ್ಷದ ಮೇಲೆ ಚುಚ್ಚಿತು ಎಂದು ತಿಳಿಯುವ ಬಗೆಯೇ ಇಲ್ಲ. ಎಲ್ಲೋ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನಿಲ್ಲಿಸಿ, "ಸರ, ನೀವು ಅವತ್ತು ಹಿಂಗಂದಿದ್ರಿ" ಎಂದಾಗ ದೂರದ ಹೊಲದಲ್ಲಿ ಒಂದು ಕೆಂಪು ಚುಕ್ಕಿ ಮಿನುಗಿದಂತಾಗುತ್ತದೆ. ಉಳಿದವು ಕತ್ತಲಲ್ಲೇ ಇವೆ.

ಈ ವರ್ಷದ ಕಟಾವು ಶುರುವಾಗಿದೆ. ಕಾರ್ಖಾನೆಯ ಭೋಂಗಾ ಮೂರು ಹೊತ್ತು ಕೂಗುತ್ತಿದೆ; ಗಾಳಿಯಲ್ಲಿ ಕಾಕಂಬಿಯ ವಾಸನೆ. ಅದೇ ಗ್ಯಾಂಗು ಮತ್ತೆ ಬಂದಿದೆ, ಆ ತಾಯಿಯೂ ಬಂದಿದ್ದಾಳೆ; ಕೂಸು ಈಗ ಓಡಾಡುತ್ತದೆ. ಅವರು ಹಟ್ಟಿ ಹಾಕಿದ ದಿನ ಹುಡುಗಿ ಬತ್ತಳಿಕೆ ಹೊತ್ತುಕೊಂಡು ಹೋಗಿ ಅವಳ ಮುಂದೆ ಬಾಣಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟು ಎಣಿಸಿದಳು. ಮುರಿದುದರ ಬದಲಿಗೆ ತಂದ ಹೊಸದನ್ನೂ ಸೇರಿಸಿ ಹನ್ನೆರಡು. "ಎಲ್ಲಾ ಅದಾವ ನೋಡ್ರಿ ಅಕ್ಕಾರ" ಎಂದಳು. ಆ ತಾಯಿ ತಾನೂ ಬೆರಳು ಮಡಚಿ ಇನ್ನೊಮ್ಮೆ ಎಣಿಸಿದಳು.